ಗೊಂಬೆಯ ಕೈ ಮುರಿಯದಂತೆ ಪ್ಯಾಕ್ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನಲ್ಲಿ ದಸರಾ ಗೊಂಬೆ ಮಾರುತ್ತೇವೆ. ಮಣ್ಣಿನ ಗೊಂಬೆ ಮಾಡಿಸಿ, ಬಣ್ಣ ಮನೆಯಲ್ಲೇ ಹಚ್ಚುತ್ತೇವೆ. ಅಂಗಡಿಗೆ ಬಂದು ಕೊಳ್ಳುವವರಿಂದ ತೊಂದರೆ ಇಲ್ಲ. ಆದರೆ ಕಳೆದ ವರ್ಷ ಬೆಂಗಳೂರು, ಚೆನ್ನೈ, ಪುಣೆಗೆ ಕೊರಿಯರ್ ಮಾಡಿದ್ದರಲ್ಲಿ ತುಂಬಾ ಮುರಿದವು. ಸರಸ್ವತಿಯ ವೀಣೆ, ಕೃಷ್ಣನ ಕೊಳಲು, ಜಂಬೂಸವಾರಿ ಸೆಟ್‌ನ ಸಿಪಾಯಿಗಳ ಈಟಿ, ಇವೇ ಜಾಸ್ತಿ. ಮೂರು ಸುತ್ತು ಬಬಲ್ ರ‍್ಯಾಪ್ ಸುತ್ತಿ, ನ್ಯೂಸ್ ಪೇಪರ್ ತುರುಕಿ, ನಾಲ್ಕೂ ಕಡೆ ‘ಫ್ರಜೈಲ್’ ಸ್ಟಿಕ್ಕರ್ ಅಂಟಿಸಿದ್ದೆವು. ಈ ಸಲ ಐದು ಸುತ್ತು ಸುತ್ತಬೇಕಾ? ಥರ್ಮಾಕೋಲ್ ಹಾಕಬೇಕಾ? ಕೊರಿಯರ್ ಖರ್ಚೂ ಕೈ ಮೀರಬಾರದು.

ಉತ್ತರ: ನಮಸ್ಕಾರ ಮೇಡಂ. ಐದಲ್ಲ, ಎಂಟು ಸುತ್ತು ಸುತ್ತಿದರೂ ವೀಣೆ ಮುರಿಯುತ್ತದೆ. ನಾಜೂಕು ಸಾಮಾನು ಅಂದ ತಕ್ಷಣ ನಮ್ಮ ಕೈ ಹೋಗುವುದೇ ಅದರ ಅತಿ ನಾಜೂಕಾದ ಭಾಗಕ್ಕೆ. ವೀಣೆಯ ತುದಿಗೆ ಇನ್ನೊಂದು ಸುತ್ತು, ಕೊಳಲಿಗೆ ಇನ್ನೊಂದು ತುಂಡು ಸ್ಪಂಜು. ಮಾಡಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ. ಗೊಂಬೆಯನ್ನು ಅದರ ಗಟ್ಟಿ ಜಾಗದಲ್ಲಿ ಹಿಡಿದು ನಿಲ್ಲಿಸಬೇಕು. ನಾಜೂಕು ಜಾಗಕ್ಕೆ ಏನೂ ತಾಗದ ಹಾಗೆ ಖಾಲಿ ಬಿಡಬೇಕು. ಇದೊಂದು ಮನಸ್ಸಿಗೆ ಹಿಡಿಸಿದರೆ ಉಳಿದದ್ದೆಲ್ಲ ಅಳತೆ, ಕತ್ತರಿ, ಟೇಪಿನ ಕೆಲಸ.

ಯಾಕೆ ಅಂತ ಹೇಳುತ್ತೇನೆ. ಸುಟ್ಟ ಮಣ್ಣು ಅದುಮಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ಅಥವಾ ಬಗ್ಗಿಸಿದರೆ ತಡೆಯುವುದಿಲ್ಲ. ಗೊಂಬೆಯ ಪೀಠದ ಮೇಲೆ ಇಟ್ಟಿಗೆ ಇಟ್ಟರೂ ಏನೂ ಆಗದು, ಅದೇ ಚಾಚಿದ ಕೈಯನ್ನು ಬೆರಳಿನಿಂದ ಸ್ವಲ್ಪ ಬಗ್ಗಿಸಿದರೆ ಭುಜದ ಹತ್ತಿರ ಟಕ್ ಅನ್ನುತ್ತದೆ. ಈಗ ನಿಮ್ಮ ಹಳೇ ಪ್ಯಾಕಿಂಗ್ ನೋಡಿ. ಗೊಂಬೆಯ ಮೈಯಿಂದ ಎಲ್ಲಕ್ಕಿಂತ ಹೊರಗೆ ಚಾಚಿರುವುದು ವೀಣೆ. ಅದರ ಮೇಲೆ ಬಬಲ್ ರ‍್ಯಾಪ್ ಬಿಗಿಯಾಗಿ ಸುತ್ತಿದ್ದೀರಿ, ಅದು ಬಾಕ್ಸಿನ ಗೋಡೆಗೆ ಒತ್ತಿಕೊಂಡಿದೆ. ಬಾಕ್ಸ್ ಆ ಕಡೆ ಮಗ್ಗುಲಾಗಿ ಬಿತ್ತು ಅಂದುಕೊಳ್ಳಿ. ಮೊದಲು ನಿಲ್ಲುವುದು ವೀಣೆ. ಅದರ ಹಿಂದೆ ಒಂದೂವರೆ ಕೆಜಿ ಗೊಂಬೆ ಇನ್ನೂ ಬರುತ್ತಾ ಇರುತ್ತದೆ. ಅಷ್ಟೂ ಭಾರವನ್ನು ಬೆರಳು ದಪ್ಪದ ಒಂದು ಮಣ್ಣಿನ ಕಡ್ಡಿ ತಡೆದು ನಿಲ್ಲಿಸಬೇಕು. ಅದು ಹೇಗೆ ಉಳಿಯುತ್ತದೆ? ನೀವು ಸುತ್ತಿದ ಪದರವೇ ಪೆಟ್ಟನ್ನು ಹೊತ್ತುಕೊಂಡು ಹೋಗಿ ವೀಣೆಗೆ ಮುಟ್ಟಿಸುತ್ತದೆ.

ಸ್ಟಿಕ್ಕರ್ ಅಂಟಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನಂಬಿ ಪ್ಯಾಕ್ ಮಾಡಬೇಡಿ. ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್ ಬೆಲ್ಟ್ ಮೇಲೆ ಓಡುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ, ಇನ್ನೊಂದು ಪಾರ್ಸೆಲ್ ಬಂದು ಗುದ್ದುತ್ತದೆ. ಬೆಲ್ಟಿಗೆ ಸ್ಟಿಕ್ಕರ್ ಓದಲು ಬರುವುದಿಲ್ಲ. ರಾತ್ರಿ ಲಾರಿ ತುಂಬುವ ಹುಡುಗನಿಗೆ ಸಾವಿರಾರು ಬಾಕ್ಸ್ ಮುಗಿಸುವ ಅವಸರ. ಬಾಣದ ಗುರುತು ಮೇಲಕ್ಕಿದ್ದರೂ ಬಾಕ್ಸ್ ಮಗ್ಗುಲಾಗಿ, ಕೆಲವೊಮ್ಮೆ ತಲೆಕೆಳಗಾಗಿಯೇ ಪುಣೆ ತಲುಪುತ್ತದೆ. ಆದ್ದರಿಂದ ಆರೂ ಮುಖಕ್ಕೂ ಪೆಟ್ಟು ಬೀಳುತ್ತದೆ ಅಂತಲೇ ಲೆಕ್ಕ ಹಾಕಿ.

ಎಷ್ಟು ಪೆಟ್ಟು? ಇದಕ್ಕೆ ಒಂದು ಅಂದಾಜು ಈಗಾಗಲೇ ಇದೆ. ಸಾಗಣೆಯ ಪ್ಯಾಕಿಂಗ್‌ಗೆ ಪರೀಕ್ಷೆಗಳನ್ನು ಗೊತ್ತುಮಾಡುವ ಇಸ್ಟಾ ಅಂತ ಒಂದು ಸಂಸ್ಥೆ ಇದೆ. ಪಿಂಗಾಣಿ ಲೇಪದ ಮನೆಬಳಕೆ ಸಾಮಾನು ಸಾಗಣೆಯಲ್ಲಿ ಹಾಳಾಗುತ್ತಿದ್ದ ಕಾಲದಲ್ಲಿ, 1948ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅವರ ಸಾದಾ ಪರೀಕ್ಷೆಯಲ್ಲಿ ಸುಮಾರು ಒಂಬತ್ತೂವರೆ ಕೆಜಿ ಒಳಗಿನ ಪಾರ್ಸೆಲ್ಲನ್ನು 76 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಅದಕ್ಕಿಂತ ಭಾರ ಇದ್ದು 19 ಕೆಜಿ ಒಳಗಿದ್ದರೆ 61 ಸೆಂ.ಮೀ. ಭಾರ ಹೆಚ್ಚಾದ ಹಾಗೆ ಎತ್ತರ ಕಡಿಮೆ, ಯಾಕೆಂದರೆ ಹಗುರ ಬಾಕ್ಸನ್ನು ಜನ ಎಸೆಯುತ್ತಾರೆ, ಭಾರದ ಬಾಕ್ಸನ್ನು ಇಬ್ಬರು ಹಿಡಿದು ಇಳಿಸುತ್ತಾರೆ. ಇದು ನಮ್ಮೂರಿಗೂ ಅಷ್ಟೇ ನಿಜ. 76 ಸೆಂ.ಮೀ. ಅಂದರೆ ನಿಮ್ಮ ಊಟದ ಟೇಬಲ್ ಎತ್ತರ. ಅಲ್ಲಿಂದ ಬಿದ್ದ ಬಾಕ್ಸ್ ನೆಲ ಮುಟ್ಟುವಾಗ ಗಂಟೆಗೆ ಸುಮಾರು 14 ಕಿ.ಮೀ. ವೇಗದಲ್ಲಿರುತ್ತದೆ.

ಆ ವೇಗದಿಂದ ಸೊನ್ನೆಗೆ ಬರಲು ಗೊಂಬೆಗೆ ಎಷ್ಟು ದೂರ ಸಿಗುತ್ತದೆ ಅನ್ನುವುದೇ ಇಡೀ ವಿಷಯ. ಬಸ್ಸಿನಲ್ಲಿ ನಿಂತಿದ್ದೀರಿ, ಡ್ರೈವರ್ ನಿಧಾನಕ್ಕೆ ನಿಲ್ಲಿಸಿದರೆ ನಿಮಗೆ ಗೊತ್ತೇ ಆಗುವುದಿಲ್ಲ, ಗಕ್ಕನೆ ಬ್ರೇಕ್ ಹಾಕಿದರೆ ಮುಂದಿನವರ ಮೇಲೆ ಬೀಳುತ್ತೀರಿ, ಅಲ್ವಾ? ಬೀಳುವ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿ. ಬರುವ ಸಂಖ್ಯೆಯೇ ಸುಮಾರಾಗಿ ಗೊಂಬೆಯ ಮೇಲಿನ ಪೆಟ್ಟು. ನಮ್ಮ ಕೆಲಸದಲ್ಲಿ ಅದನ್ನು ಜಿ ಅನ್ನುತ್ತೇವೆ. ಅಂದರೆ ಆ ಕ್ಷಣದಲ್ಲಿ ಗೊಂಬೆಯ ಪ್ರತಿ ಭಾಗವೂ ತನ್ನ ತೂಕದ ಎಷ್ಟು ಪಟ್ಟು ಭಾರ ಆಗುತ್ತದೆ ಅಂತ. ಬರೀ ರಟ್ಟಿನ ಮೇಲೆ ಬಿದ್ದು 2 ಮಿ.ಮೀ. ಒಳಗೆ ನಿಂತರೆ 380 ಜಿ. ನಿಮ್ಮ ಮೂರು ಸುತ್ತು ಬಬಲ್ ರ‍್ಯಾಪ್ ಸೇರಿ ಸುಮಾರು 1 ಸೆಂ.ಮೀ. ದಪ್ಪ, ಅದರಲ್ಲಿ ಅರ್ಧ ಕುಗ್ಗಿದರೂ ಸಿಗುವ ದೂರ 5 ಮಿ.ಮೀ., ಅಂದರೆ 150 ಜಿ. ಎರಡು ಸೆಂ.ಮೀ. ದೂರ ಕೊಟ್ಟರೆ 38ಕ್ಕೆ ಇಳಿಯುತ್ತದೆ. ಫೋಮ್ ತನ್ನ ದಪ್ಪದ ಅರ್ಧದಷ್ಟೂ ಸರಿಯಾಗಿ ಕುಗ್ಗುವುದಿಲ್ಲ, ಹಾಗಾಗಿ ಎರಡು ಸೆಂ.ಮೀ. ಓಡಾಟ ಬೇಕಾದರೆ ಸುತ್ತಲೂ 5 ಸೆಂ.ಮೀ. ಜಾಗ ಇರಲೇಬೇಕು. ಇದು ಕನಿಷ್ಠ.

ನಿಮ್ಮ ಗೊಂಬೆ ಎಷ್ಟು ಜಿ ತಡೆಯುತ್ತದೆ ಅಂತ ತಿಳಿಯುವುದು ಹೇಗೆ? ದೊಡ್ಡ ಕಂಪನಿಗಳು ಶಾಕ್ ಟೇಬಲ್ ಅನ್ನುವ ಯಂತ್ರದ ಮೇಲಿಟ್ಟು ನೋಡುತ್ತವೆ. ನೀವು ಮನೆಯಲ್ಲೇ ಒಂದು ಅಂದಾಜು ತೆಗೆಯಬಹುದು, ಇದನ್ನು ದಯವಿಟ್ಟು ಮಾಡಿ. ಬಣ್ಣ ಕೆಟ್ಟಿದ್ದೋ ಮೂಗು ಸೊಟ್ಟಗಾದದ್ದೋ, ಮಾರಲಿಕ್ಕಾಗದ ಒಂದು ಸರಸ್ವತಿ ಇದ್ದೇ ಇರುತ್ತದೆ. ಅದರ ಪೀಠವನ್ನು ಟೇಬಲ್ ಅಂಚಿಗೆ ಗಟ್ಟಿಯಾಗಿ ಕಟ್ಟಿ. ವೀಣೆ ಹಿಡಿದ ಕೈಯ ನಡುಭಾಗಕ್ಕೆ ದಾರದಿಂದ ಒಂದು ಸಣ್ಣ ಕವರ್ ತೂಗುಹಾಕಿ, ಅದಕ್ಕೆ ಚಮಚದಲ್ಲಿ ಮರಳು ಹಾಕುತ್ತಾ ಹೋಗಿ. ಕೈ ಮುರಿದ ತಕ್ಷಣ ನಿಲ್ಲಿಸಿ. ಕವರಿನ ತೂಕ ನೋಡಿ, ಮುರಿದು ಬಿದ್ದ ತುಂಡಿನ ತೂಕವನ್ನೂ ಅಡುಗೆ ಮನೆಯ ತಕ್ಕಡಿಯಲ್ಲಿ ನೋಡಿ. ತುಂಡು 20 ಗ್ರಾಂ ಇದ್ದು 1,600 ಗ್ರಾಂಗೆ ಮುರಿದಿದ್ದರೆ ಅದು ತಡೆಯುವುದು ಸುಮಾರು 80 ಜಿ. ಒಂದೇ ಗೊಂಬೆಗೆ ದಾರಿಯಲ್ಲಿ ಹಲವು ಪೆಟ್ಟು ಬೀಳುತ್ತವೆ, ಎಲ್ಲ ಗೊಂಬೆಯೂ ಒಂದೇ ಹದಕ್ಕೆ ಸುಟ್ಟಿರುವುದಿಲ್ಲ, ಆದ್ದರಿಂದ ಅದರ ಅರ್ಧ, 40 ಜಿ ಅಂತ ಇಟ್ಟುಕೊಳ್ಳಿ. ಕೊಳಲು, ಈಟಿ, ಛತ್ರಿ, ಎಲ್ಲಕ್ಕೂ ಹೀಗೇ ಮಾಡಿ. ಯಾವುದು ಎಲ್ಲಕ್ಕಿಂತ ಮೊದಲು ಸೋಲುತ್ತದೋ ಅದರ ಲೆಕ್ಕಕ್ಕೆ ಪ್ಯಾಕಿಂಗ್. ಮತ್ತೆ, ಒಂದೇ ಬಗೆಯ ಗೊಂಬೆಗಳಲ್ಲಿ ಒಂದು 80ಕ್ಕೆ, ಇನ್ನೊಂದು 30ಕ್ಕೆ ಮುರಿಯುತ್ತಿದ್ದರೆ ತೊಂದರೆ ಪ್ಯಾಕಿಂಗ್‌ನದ್ದಲ್ಲ, ಸುಡುವುದರಲ್ಲಿ ಅಥವಾ ಕೈ ಅಂಟಿಸುವುದರಲ್ಲಿ ಇದೆ. ಮಾಡುವವರ ಹತ್ತಿರ ಕೂತು ಮಾತಾಡಿ.

ಈಗ ಒಳಗಿನ ಕೆಲಸ. ಇಲ್ಲಿ ಎರಡು ಬಾಕ್ಸ್ ಬೇಕು. ಒಳ ಬಾಕ್ಸಿನ ಕೆಲಸ ಗೊಂಬೆಯನ್ನು ಅಲುಗಾಡದ ಹಾಗೆ ಹಿಡಿಯುವುದು. ಹೊರ ಬಾಕ್ಸಿನ ಕೆಲಸ, ಅದಕ್ಕೂ ಒಳ ಬಾಕ್ಸಿಗೂ ನಡುವಿನ ಫೋಮಿನ ಜೊತೆ ಸೇರಿ ಪೆಟ್ಟು ತಿನ್ನುವುದು. ಎರಡು ಕೆಲಸವನ್ನೂ ಒಂದೇ ಪದರದ ಮೇಲೆ ಹೊರಿಸಿದರೆ ಎರಡೂ ಆಗುವುದಿಲ್ಲ.

ಕೂತ ಸರಸ್ವತಿಯನ್ನೇ ತಗೊಳ್ಳೋಣ. ಎತ್ತರ 20 ಸೆಂ.ಮೀ., ವೀಣೆಯ ತುದಿಯಿಂದ ತುದಿಗೆ 18, ಹಿಂದೆ ಮುಂದೆ 12, ತೂಕ ಒಂದೂವರೆ ಕೆಜಿ ಅಂತಿಟ್ಟುಕೊಳ್ಳಿ. ಒಳ ಬಾಕ್ಸ್ 22 × 16 × 24 ಇರಲಿ, ಅಂದರೆ ನಾಲ್ಕು ಪಕ್ಕಕ್ಕೂ ಎರಡು ಸೆಂ.ಮೀ., ಮೇಲೆ ನಾಲ್ಕು ಸೆಂ.ಮೀ. ಖಾಲಿ. 5 ಪ್ಲೈ, ಅಂದರೆ ಐದು ಪದರದ ರಟ್ಟಿನಲ್ಲಿ ಬಾಕ್ಸಿನ ತಳದಷ್ಟೇ ಅಗಲದ ಒಂದು ಹಾಳೆ ಕತ್ತರಿಸಿ, ಮಧ್ಯೆ ಪೀಠದ ಆಕಾರ ಬರೆದು ಕಟ್ಟರ್‌ನಿಂದ ಕೊರೆಯಿರಿ. ಪೀಠ ಅದರಲ್ಲಿ ಬಿಗಿಯಾಗಿ ಕೂರಬೇಕು. ಇಂಥ ಎರಡು ಹಾಳೆ ಒಂದರ ಮೇಲೊಂದು ಅಂಟಿಸಿದರೆ ಪೀಠ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಒಳಗೆ ಇಳಿಯುತ್ತದೆ, ಅಷ್ಟು ಸಾಕು. ಆಮೇಲೆ ಮೇಲ್ಗಡೆಗೆ ಇನ್ನೊಂದು ಹಾಳೆ. ಇದನ್ನು ಮಧ್ಯಕ್ಕೆ ಸೀಳಿ ಎರಡು ಅರ್ಧ ಮಾಡಿ, ಎರಡೂ ಸೇರಿದಾಗ ಮಧ್ಯೆ ಗೊಂಬೆಯ ಬೆನ್ನು ಮತ್ತು ಸೊಂಟದ ಆಕಾರ ಉಳಿಯುವ ಹಾಗೆ ಕೊರೆಯಿರಿ. ಆ ಅಂಚಿಗೆ ಒಂದು ಸೆಂ.ಮೀ. ಮೆತ್ತನೆ ಸ್ಪಂಜಿನ ಪಟ್ಟಿ ಅಂಟಿಸಿ. ಒಂದು ಅರ್ಧ ಹಿಂದಿನಿಂದ, ಇನ್ನೊಂದು ಅರ್ಧ ಮುಂದಿನಿಂದ ಬಂದು ಮೈಯನ್ನು ತಬ್ಬುತ್ತವೆ. ಹಾಳೆ ಕೆಳಗೆ ಜಾರದ ಹಾಗೆ ನಾಲ್ಕು ಮೂಲೆಗೆ ರಟ್ಟಿನ ಪಟ್ಟಿ ಮಡಚಿ ಕಾಲು ಕೊಡಿ. ತಲೆಕೆಳಗಾದಾಗ ಗೊಂಬೆ ಜಾರಿ ಕಿರೀಟ ಮುಚ್ಚಳಕ್ಕೆ ತಾಗಬಾರದು, ಅದಕ್ಕೆ ಎರಡೂ ಭುಜದ ಮೇಲೆ, ಕುತ್ತಿಗೆ ಬಿಟ್ಟು, ಮುಚ್ಚಳದಿಂದ ಕೆಳಕ್ಕೆ ಇಳಿದ ಒಂದೊಂದು ಸ್ಪಂಜಿನ ಕಂಬ ಬರಲಿ.

ಮುಗಿದ ಮೇಲೆ ಒಳ ಬಾಕ್ಸನ್ನು ಕೈಯಲ್ಲಿ ಹಿಡಿದು ಆರೂ ಕಡೆ ತಿರುಗಿಸಿ ನೋಡಿ. ಪೀಠ, ಸೊಂಟ, ಬೆನ್ನು, ಭುಜ ಹಿಡಿತದಲ್ಲಿರಬೇಕು. ವೀಣೆ, ಬೆರಳು, ಕಿರೀಟದ ತುದಿ ಯಾವುದಕ್ಕೂ ತಾಗಿರಬಾರದು. ಒಂದು ತೆಳು ರಟ್ಟಿನ ಚೂರನ್ನು ವೀಣೆಯ ಸುತ್ತ ಓಡಿಸಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಖಾಲಿ ಜಾಗ ನೋಡಿದಾಗ ಕೈ ತಡೆಯುವುದಿಲ್ಲ, ಏನಾದರೂ ತುರುಕೋಣ ಅನಿಸುತ್ತದೆ. ತುರುಕಬೇಡಿ. ವೀಣೆಯನ್ನು ಕಾಯುತ್ತಿರುವುದೇ ಆ ಖಾಲಿ ಜಾಗ.

ಬಣ್ಣದ ವಿಷಯ ಬಿಟ್ಟರೆ ಆಗುವುದಿಲ್ಲ. ಎನಾಮಲ್ ಬಣ್ಣ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಅದರ ಮೇಲೆ ಬಬಲ್ ರ‍್ಯಾಪ್ ಒತ್ತಿ ಕೂತರೆ ಕೆನ್ನೆಯ ಮೇಲೆ, ಸೀರೆಯ ಮೇಲೆ ಸಾಲು ಸಾಲಾಗಿ ದುಂಡನೆ ಗುರುತು ಬೀಳುತ್ತದೆ, ಒರೆಸಿದರೆ ಹೋಗುವುದಿಲ್ಲ. ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆಯೇ ಪ್ಯಾಕ್ ಮಾಡಿ. ಗೊಂಬೆಗೆ ಮೊದಲು ತಾಗುವುದು ಟಿಶ್ಯೂ ಪೇಪರ್ ಅಥವಾ ಬಟರ್ ಪೇಪರ್ ಆಗಿರಲಿ. ನ್ಯೂಸ್ ಪೇಪರ್ ಬೇಡ, ಅದರ ಶಾಯಿ ತಿಳಿ ಬಣ್ಣಕ್ಕೆ ಹತ್ತುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಾಳಿಯಾಡದ ಹಾಗೆ ಸೀಲ್ ಮಾಡಬೇಡಿ, ಮಳೆಗಾಲದಲ್ಲಿ ಒಳಗೇ ಬೆವರಿ ಬಣ್ಣ ಕೆಡುತ್ತದೆ. ನೀರು ತಡೆಯಲು ಪ್ಲಾಸ್ಟಿಕ್ ಬೇಕೇ ಬೇಕು ಅಂದರೆ ಒಳ ಬಾಕ್ಸಿನ ಹೊರಗೆ ಸುತ್ತಿ.

ಇನ್ನು ಎರಡು ಬಾಕ್ಸಿನ ನಡುವಿನ ಫೋಮ್. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ದಪ್ಪ ಇದ್ದರೆ ಸಾಕು ಅಂದುಕೊಂಡು ಒಳ ಬಾಕ್ಸಿನ ತಳದ ಉದ್ದಗಲಕ್ಕೂ ಫೋಮ್ ಹಾಳೆ ಹಾಸುತ್ತಾರೆ. ಫೋಮ್ ಕುಗ್ಗಿದರೆ ತಾನೇ ಪೆಟ್ಟು ತಿನ್ನುವುದು? ಅಗಲ ಜಾಸ್ತಿ ಆದರೆ ಹಗುರ ಗೊಂಬೆಗೆ ಅದನ್ನು ಕುಗ್ಗಿಸುವ ತಾಕತ್ತೇ ಇರುವುದಿಲ್ಲ, ಹಲಗೆಯ ಮೇಲೆ ಬಿದ್ದ ಪೆಟ್ಟೇ ಬೀಳುತ್ತದೆ. ಅಗಲ ತೀರಾ ಕಡಿಮೆ ಆದರೆ ಫೋಮ್ ಪೂರ್ತಿ ಅದುಮಿ ಹೋಗಿ ಗೊಂಬೆ ತಳ ಮುಟ್ಟುತ್ತದೆ. ಎರಡರ ನಡುವೆ ಒಂದು ಹದ ಇದೆ. ಬಿಳಿ ಬಣ್ಣದ ಹಗುರ ಇಪಿಇ, ಅಂದರೆ ಪಾಲಿಎಥಿಲೀನ್ ಫೋಮಿಗೆ ಪ್ರತಿ ಚದರ ಸೆಂ.ಮೀ. ಮೇಲೆ 40ರಿಂದ 60 ಗ್ರಾಂ ತೂಕ ಕೂತರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೆತ್ತನೆ ಸ್ಪಂಜಿಗೆ, ಅಂದರೆ ಕುಶನ್ ಅಂಗಡಿಯಲ್ಲಿ ಸಿಗುವ ಪಾಲಿಯುರೆಥೇನ್ ಫೋಮಿಗೆ, 10ರಿಂದ 15 ಗ್ರಾಂ ಸಾಕು. ಫೋಮ್ ಮಾಡುವ ಕಂಪನಿಗಳ ಹತ್ತಿರ ಎಷ್ಟು ತೂಕ ಕೂತರೆ ಎಷ್ಟು ಪೆಟ್ಟು ತಲುಪುತ್ತದೆ ಅಂತ ತೋರಿಸುವ ಕುಶನ್ ಕರ್ವ್ ಅನ್ನುವ ನಕ್ಷೆ ಇರುತ್ತದೆ, ಜಾಸ್ತಿ ಕೊಳ್ಳುವುದಾದರೆ ಕೇಳಿ ತಗೊಳ್ಳಿ.

ಲೆಕ್ಕ ಹಾಕಿ ನೋಡೋಣ. ಒಂದೇ ಸರಸ್ವತಿ, ಒಳ ಬಾಕ್ಸ್ ಸೇರಿ ಎರಡು ಕೆಜಿ. ತಳ 22 × 16, ಅಂದರೆ 352 ಚದರ ಸೆಂ.ಮೀ. ಪೂರ್ತಿ ಇಪಿಇ ಹಾಸಿದರೆ ಚದರ ಸೆಂ.ಮೀ.ಗೆ ಆರು ಗ್ರಾಂ ಕೂಡ ಬೀಳುವುದಿಲ್ಲ. ಅದು ಕುಗ್ಗುವುದೇ ಇಲ್ಲ. ಅದರ ಬದಲು ಮೆತ್ತನೆ ಸ್ಪಂಜಿನಲ್ಲಿ 7 × 7ರ, 5 ಸೆಂ.ಮೀ. ದಪ್ಪದ ಚೌಕಗಳನ್ನು ನಾಲ್ಕು ಮೂಲೆಗೆ ಕೊಟ್ಟರೆ ಚದರ ಸೆಂ.ಮೀ.ಗೆ 10 ಗ್ರಾಂ ಬರುತ್ತದೆ. ಸರಿಯಾದ ಹದ. ನಾಲ್ಕು ಗೊಂಬೆಯ ದೊಡ್ಡ ಒಳ ಬಾಕ್ಸ್ ಮಾಡಿದರೆ ತೂಕ ಏಳು ಕೆಜಿ ಆಗುತ್ತದೆ. ಆಗ ಇಪಿಇ ಬಳಸಿ, ಮೂಲೆಗೆ ಆರರಿಂದ ಆರೂವರೆ ಸೆಂ.ಮೀ. ಚೌಕ. ಬಾಕ್ಸಿಗೆ ಎಂಟು ಮೂಲೆ, ಪ್ರತಿ ಮೂಲೆಗೆ ಮೂರು ಮುಖ. ಮೂರನ್ನೂ ಸೇರಿಸಿ ಟೋಪಿ ಥರ ಅಂಟಿಸಿದರೆ ಒಳ ಬಾಕ್ಸ್ ಯಾವ ಕಡೆ ಬಿದ್ದರೂ ನಾಲ್ಕು ಮೂಲೆಯ ಫೋಮ್ ಸಿಗುತ್ತದೆ. ಒಂದು ಎಚ್ಚರ: ಚೌಕದ ಅಗಲ ಅದರ ದಪ್ಪಕ್ಕಿಂತ ಸ್ವಲ್ಪವಾದರೂ ಜಾಸ್ತಿ ಇರಬೇಕು, ಇಲ್ಲದಿದ್ದರೆ ಕುಗ್ಗುವ ಬದಲು ಪಕ್ಕಕ್ಕೆ ಮಡಚಿಕೊಳ್ಳುತ್ತದೆ.

ಥರ್ಮಾಕೋಲ್ ಕೇಳಿದ್ದೀರಿ. ಮೊದಲ ಪೆಟ್ಟನ್ನು ಅದು ಚೆನ್ನಾಗಿಯೇ ತಿನ್ನುತ್ತದೆ. ಆದರೆ ಒಮ್ಮೆ ಅದುಮಿದರೆ ಪೂರ್ತಿ ವಾಪಸ್ ಬರುವುದಿಲ್ಲ, ಎರಡನೇ ಪೆಟ್ಟಿಗೆ ಅಷ್ಟು ಜಾಗ ಸಡಿಲ ಆಗಿರುತ್ತದೆ. ಅದರ ಕಾಳು ಬಣ್ಣಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಟಿವಿಯಂಥ ಒಂದೇ ಆಕಾರದ ಸಾವಿರಾರು ಸಾಮಾನಿಗೆ ಅಚ್ಚು ಹಾಕಿಸುವವರಿಗೆ ಸರಿ, ನಿಮಗೆ ಬೇಡ. ನ್ಯೂಸ್ ಪೇಪರ್ ಉಂಡೆ ಮೊದಲ ದಿನ ಗಟ್ಟಿಯಾಗಿರುತ್ತದೆ. ಲಾರಿಯ ಕುಲುಕಾಟಕ್ಕೆ ಕುಸಿಯುತ್ತಾ ಹೋಗಿ, ಪುಣೆ ಹತ್ತಿರ ಆಗುವಷ್ಟರಲ್ಲಿ ಗೊಂಬೆ ಬಾಕ್ಸಿನ ತಳ ಸೇರಿರುತ್ತದೆ. ಸಣ್ಣಪುಟ್ಟ ಖಾಲಿ ತುಂಬಲು ಬಳಸಿ, ಪೆಟ್ಟು ತಡೆಯಲು ಅದನ್ನು ನೆಚ್ಚಬೇಡಿ.

ಮಂಡ್ಯದ ಕಡೆಯಿಂದ ಭತ್ತದ ಹುಲ್ಲು ತರಿಸಬಹುದಾ ಅಂತ ಹಲವರು ಕೇಳುತ್ತಾರೆ. ಮಡಕೆ, ಗಾಜಿನ ಸಾಮಾನು ಹಿಂದೆ ಹುಲ್ಲಿನಲ್ಲೇ ಹೋಗುತ್ತಿದ್ದವು. ಒಣ ಹುಲ್ಲಿಗೆ ಒಳ್ಳೇ ಪುಟಿತ ಇದೆ, ಖರ್ಚೂ ಕಡಿಮೆ, ಬಿಸಾಡಿದರೆ ಮಣ್ಣಿಗೆ ಸೇರುತ್ತದೆ. ಗಾಡಿಯಲ್ಲಿ ನೇರ ಕಳಿಸುವ ಮಡಕೆ, ಕುಂಡಗಳಿಗೆ ನಾನು ಈಗಲೂ ಬೇಡ ಅನ್ನುವುದಿಲ್ಲ. ಆದರೆ ಬಣ್ಣದ ಗೊಂಬೆಗೆ ಆಗದು. ಹುಲ್ಲಿನ ಅಂಚು ಬಣ್ಣ ಗೀರುತ್ತದೆ, ತೇವ ಹಿಡಿದರೆ ಚಪ್ಪಟೆಯಾಗಿ ಬೂಸ್ಟು ಬರುತ್ತದೆ, ಹುಳ ಬೇರೆ. ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರಂತೂ ಹುಲ್ಲನ್ನು ಮರೆತುಬಿಡಿ. ಆಸ್ಟ್ರೇಲಿಯಾದಂಥ ದೇಶಗಳು ಹುಲ್ಲಿನ ಪ್ಯಾಕಿಂಗನ್ನು ಒಳಗೇ ಬಿಡುವುದಿಲ್ಲ.

ಹೊರ ಬಾಕ್ಸ್ ಹೊಸದೇ ಇರಲಿ, 5 ಪ್ಲೈ. ಸಂತೆಪೇಟೆಯಿಂದ ತಂದ ದಿನಸಿ ಅಂಗಡಿಯ ಹಳೇ ಬಾಕ್ಸ್ ಬೇಡ. ಒಮ್ಮೆ ಮೂಲೆ ನಜ್ಜಾದ ಬಾಕ್ಸಿನ ಅರ್ಧ ಜೀವ ಅಲ್ಲೇ ಹೋಗಿರುತ್ತದೆ, ಯಾಕೆಂದರೆ ಮೇಲಿನ ಭಾರ ಹೊರುವುದು ಮುಖ್ಯವಾಗಿ ನಾಲ್ಕು ಮೂಲೆಗಳು. ರಟ್ಟಿನ ಒಳಗಿನ ಅಲೆಗಳು ಬಾಕ್ಸಿನಲ್ಲಿ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಲಾರಿಯಲ್ಲಿ ಎಂಟು ಅಡಿವರೆಗೆ ಪೇರಿಸುತ್ತಾರೆ ಅಂದುಕೊಂಡರೆ, ನಾಲ್ಕು ಗೊಂಬೆಯ, 34 ಸೆಂ.ಮೀ. ಎತ್ತರದ ಹೊರ ಬಾಕ್ಸಿನ ಮೇಲೆ ಇನ್ನೂ ಆರು ಕೂರುತ್ತವೆ. ಒಂದೊಂದು ಎಂಟೂವರೆ ಕೆಜಿ ಅಂದರೂ 51 ಕೆಜಿ. ಬಾಕ್ಸ್ ಬರೀ 51 ತಡೆದರೆ ಸಾಲದು, ನಾಲ್ಕೈದು ಪಟ್ಟು ತಡೆಯಬೇಕು. ಗಾಳಿಯ ತೇವ ಶೇ. 90ರ ಹತ್ತಿರ ಹೋದರೆ ರಟ್ಟಿನ ತಾಕತ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ, ದಿನಗಟ್ಟಲೆ ಭಾರ ಹೊತ್ತರೆ ಇನ್ನಷ್ಟು, ಸೊಟ್ಟಗೆ ಪೇರಿಸಿದರೆ ಮತ್ತಷ್ಟು. ನೀವು ಕಳಿಸುವುದು ಗೌರಿ ಹಬ್ಬ ಮುಗಿದು ಮಹಾಲಯ ಅಮಾವಾಸ್ಯೆ ಒಳಗೆ, ಮಳೆ ಇನ್ನೂ ಹೋಗಿರುವುದಿಲ್ಲ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಬಾಕ್ಸ್ ಮಾಡುವವರಲ್ಲಿ ವಿಚಾರಿಸುವಾಗ ಬರೀ ಪ್ಲೈ, ಕಾಗದದ ತೂಕ ಹೇಳುವ ಜಿಎಸ್‌ಎಂ ಕೇಳಬೇಡಿ, ಕಂಪ್ರೆಷನ್ ಸ್ಟ್ರೆಂತ್, ಅಂದರೆ ನಜ್ಜಾಗದೆ ಹೊರುವ ಭಾರ, 250 ಕೆಜಿ ಬರುತ್ತದಾ ಅಂತ ಕೇಳಿ. ಟೇಪು ಮಧ್ಯದ ಸೀಳಿಗೆ ಒಂದು, ಎರಡೂ ತುದಿಯ ಸೀಳಿಗೆ ಒಂದೊಂದು, ಮೇಲೆ ಕೆಳಗೆ ಎರಡೂ ಕಡೆ.

ಈಟಿ ಮತ್ತು ಕೊಳಲಿನ ವಿಷಯಕ್ಕೆ ನನ್ನ ಸಲಹೆ ಬೇರೆ. ಅವನ್ನು ಪ್ಯಾಕಿಂಗ್‌ನಿಂದ ಉಳಿಸಲು ಹೋಗಬೇಡಿ, ಗೊಂಬೆಯನ್ನೇ ಬದಲಾಯಿಸಿ. ಸಿಪಾಯಿಯ ಮುಷ್ಟಿಯಲ್ಲಿ ಒಂದು ತೂತು ಬಿಟ್ಟು, ಈಟಿಯನ್ನು ಬಿದಿರು ಕಡ್ಡಿಯಲ್ಲಿ ಬೇರೆ ಮಾಡಿಸಿ. ಕೊಳಲೂ ಹಾಗೇ. ಕೊಂಡವರು ಮನೆಯಲ್ಲಿ ಸಿಕ್ಕಿಸಿಕೊಳ್ಳಲಿ, ಮಕ್ಕಳಿಗೆ ಅದೇ ಖುಷಿ. ಕುಂಬಾರಗೇರಿಯಲ್ಲೋ ಬೇರೆಲ್ಲೋ, ನಿಮಗೆ ಮಾಡಿಕೊಡುವವರಿಗೆ ಇದೇನು ದೊಡ್ಡ ಕೆಲಸ ಅಲ್ಲ, ಹಸಿ ಮಣ್ಣಿನಲ್ಲಿ ಕಡ್ಡಿ ಚುಚ್ಚಿ ತೆಗೆದರೆ ಆಯಿತು. ಒಣಗಿದಾಗ, ಸುಟ್ಟಾಗ ತೂತು ಸ್ವಲ್ಪ ಕಿರಿದಾಗುತ್ತದೆ, ಅಷ್ಟು ದೊಡ್ಡದು ಮಾಡಲು ಹೇಳಿ. ವೀಣೆಯನ್ನು ಹೀಗೆ ಬೇರೆ ಮಾಡಿದರೆ ಚೆನ್ನಾಗಿ ಕಾಣದು. ಆದರೆ ವೀಣೆಯ ಬುರುಡೆ ತೊಡೆಯ ಮೇಲೆ ಕೂರುವ ಹಾಗೆ, ದಂಡ ಭುಜಕ್ಕೆ ಒರಗುವ ಹಾಗೆ ಮಾಡಿಸಿದರೆ ಎರಡು ಕಡೆ ಆಸರೆ ಸಿಕ್ಕಿ ಎಷ್ಟೋ ಗಟ್ಟಿಯಾಗುತ್ತದೆ. ಇಂಥ ಬದಲಾವಣೆಗೆ ಒಂದು ಸಲ ಮಾತಾಡಿದರೆ ಸಾಕು, ಫೋಮಿಗೆ ಪ್ರತಿ ಪಾರ್ಸೆಲ್ಲಿಗೂ ದುಡ್ಡು ಹಾಕಬೇಕು.

ಎಲ್ಲ ಮಾಡಿದ ಮೇಲೆ ಬೀಳಿಸಿ ನೋಡದೆ ಮಾತ್ರ ಕಳಿಸಬೇಡಿ. ಮಾರಲಾಗದ ಗೊಂಬೆ ಹಾಕಿ, ಪೂರ್ತಿ ಟೇಪ್ ಹಚ್ಚಿ, ಮೊದಲು ಸ್ಕೂಟರ್ ಮುಂದೆ ಇಟ್ಟುಕೊಂಡು ಊರೆಲ್ಲ ಓಡಾಡಿ, ಹಂಪ್ ಇರುವ ರಸ್ತೆ ಆದಷ್ಟೂ ಒಳ್ಳೆಯದು. ಆಮೇಲೆ ಊಟದ ಟೇಬಲ್ ಎತ್ತರದಿಂದ ಗಾರೆ ನೆಲಕ್ಕೆ ಬಿಡಿ. ಇಸ್ಟಾ ಕ್ರಮದಲ್ಲಿ ಒಟ್ಟು 10 ಸಲ: ಒಂದು ಮೂಲೆ, ಆ ಮೂಲೆಯಲ್ಲಿ ಸೇರುವ ಮೂರು ಅಂಚು, ಆಮೇಲೆ ಆರು ಮುಖ. ಮಧ್ಯೆ ಬಾಕ್ಸ್ ತೆರೆಯಬಾರದು, ದಾರಿಯಲ್ಲಿ ಯಾರೂ ತೆರೆದು ಸರಿ ಮಾಡುವುದಿಲ್ಲವಲ್ಲ. ನೋಡಲು ಹೊಟ್ಟೆ ಕಿವುಚುತ್ತದೆ, ಆದರೂ ಮಾಡಿ.

ಮುರಿದಿದ್ದರೆ ಬಿಸಾಡಬೇಡಿ, ಹೇಗೆ ಮುರಿದಿದೆ ನೋಡಿ. ಕೈ ಭುಜದಲ್ಲಿ ನೀಟಾಗಿ ಕತ್ತರಿಸಿ, ಸುತ್ತ ಎಲ್ಲೂ ಉಜ್ಜಿದ ಗುರುತು ಇಲ್ಲ ಅಂದರೆ ಅದು ಬಿದ್ದ ಪೆಟ್ಟು, ಫೋಮಿನ ದಪ್ಪ ಅಥವಾ ಅಗಲ ತಪ್ಪಿದೆ. ವೀಣೆಯ ತುದಿಯೇ ಚೂರಾಗಿದ್ದರೆ ಅದು ಗೋಡೆಗೆ ತಾಗಿದೆ, ಖಾಲಿ ಜಾಗ ಸಾಲದು ಅಥವಾ ಸೊಂಟದ ಹಿಡಿತ ಸಡಿಲ. ಪೀಠದ ಸುತ್ತ ಬಣ್ಣದ ಪುಡಿ ಉದುರಿದ್ದರೆ ಕುಲುಕಾಟಕ್ಕೆ ಉಜ್ಜಿದೆ. ಬಾಕ್ಸಿನ ಹೊಟ್ಟೆ ಉಬ್ಬಿ ಒಳಗಿನದೆಲ್ಲ ಅದುಮಿದ್ದರೆ ಮೇಲಿನ ಭಾರ ಜಾಸ್ತಿ ಆಗಿದೆ, ಆಗ ಫೋಮ್ ಸೇರಿಸಿ ಏನೂ ಪ್ರಯೋಜನ ಇಲ್ಲ, ಬಾಕ್ಸ್ ಬದಲಿಸಿ. ಕಳೆದ ವರ್ಷದ ಗಿರಾಕಿಗಳು ಕಳಿಸಿದ ಫೋಟೋಗಳು ಫೋನಿನಲ್ಲಿ ಉಳಿದಿದ್ದರೆ ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡಿ.

ಖರ್ಚು. ಸಾಮಾನ್ಯವಾಗಿ ಕೊರಿಯರ್‌ನವರು ನಿಜವಾದ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. ಒಂದು ಸರಸ್ವತಿಯ ಹೊರ ಬಾಕ್ಸ್ 32 × 26 × 34 ಆಗುತ್ತದೆ, ಅಂದರೆ 5.7 ಕೆಜಿ. ಗೊಂಬೆ ಬರೀ ಒಂದೂವರೆ ಕೆಜಿ ಇದ್ದರೂ ಅಷ್ಟಕ್ಕೆ ಕೊಡಬೇಕು, ಇದು ನೋವಿನ ಮಾತೇ. ಆದರೆ ಎರಡು ಗೊಂಬೆ ಹಿಂದೆ ಮುಂದೆ ಒಂದೇ ಬಾಕ್ಸಿನಲ್ಲಿಟ್ಟರೆ 32 × 42 × 34, ಒಂದಕ್ಕೆ 4.6 ಕೆಜಿ. ನಾಲ್ಕು ಸೇರಿಸಿದರೆ 54 × 42 × 34, ಒಂದಕ್ಕೆ 3.9 ಕೆಜಿ. ಆದ್ದರಿಂದ ಬಿಡಿ ಗೊಂಬೆಗಿಂತ ಎರಡು ಅಥವಾ ನಾಲ್ಕರ ಸೆಟ್ ಮಾಡಿ ಮಾರಲು ನೋಡಿ. ಎಲ್ಲ ಅಳತೆಯ ಗೊಂಬೆಗೂ ಒಂದೊಂದು ಬಾಕ್ಸ್ ಮಾಡಿಸಬೇಡಿ, ಹೊರ ಬಾಕ್ಸ್ ಎರಡೇ ಅಳತೆ ಇಟ್ಟುಕೊಂಡು ಒಳಗಿನ ರಟ್ಟಿನ ಹಾಳೆ ಮಾತ್ರ ಬದಲಿಸಿ. ಇನ್ಶೂರೆನ್ಸ್ ಮಾಡಿಸುವ ಮುಂಚೆ ಗಾಜು, ಮಣ್ಣಿನ ಸಾಮಾನಿಗೆ ಪರಿಹಾರ ಕೊಡುತ್ತಾರಾ ಅಂತ ಅವರ ಷರತ್ತು ಓದಿ ನೋಡಿ. ಪ್ಯಾಕ್ ಮಾಡುವಾಗ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕೊನೆಗೆ ಒಂದು ವಿಷಯ, ಇದನ್ನು ಎಷ್ಟೋ ಜನ ಯೋಚಿಸಿಯೇ ಇರುವುದಿಲ್ಲ. ದಾರಿಯಲ್ಲಿ ಮುರಿಯದೆ ಉಳಿದ ಗೊಂಬೆ ಕೆಲವೊಮ್ಮೆ ಕೊಂಡವರ ಮನೆಯಲ್ಲಿ ಮುರಿಯುತ್ತದೆ. ಬಾಕ್ಸ್ ತೆರೆದ ತಕ್ಷಣ ಕಾಣುವುದು ಕಿರೀಟ ಮತ್ತು ವೀಣೆ, ಅವನ್ನೇ ಹಿಡಿದು ಮೇಲಕ್ಕೆ ಎಳೆಯುತ್ತಾರೆ. ಆದ್ದರಿಂದ ಒಳ ಬಾಕ್ಸಿನ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಂಟಿಸಿ: ಮೇಲಿನಿಂದ ಎತ್ತಬೇಡಿ, ಮುಂದಿನ ಗೋಡೆಯ ಟೇಪ್ ಕತ್ತರಿಸಿ, ಮೊದಲು ಸೊಂಟದ ರಟ್ಟು ಬಿಡಿಸಿ, ಆಮೇಲೆ ಪೀಠ ಹಿಡಿದು ಹೊರಗೆ ತೆಗೆಯಿರಿ. ಮುಂದಿನ ಗೋಡೆ ಬಾಗಿಲಿನ ಹಾಗೆ ತೆರೆಯುವ ರೀತಿ ಒಳ ಬಾಕ್ಸನ್ನು ಮೊದಲೇ ಕತ್ತರಿಸಿ ಟೇಪ್ ಹಚ್ಚಿಡಿ. ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ, ಹಬ್ಬ ಮುಗಿದ ಮೇಲೆ ಗೊಂಬೆಯನ್ನು ಇದೇ ಬಾಕ್ಸಿನಲ್ಲಿ ಇಟ್ಟು ಅಟ್ಟಕ್ಕೆ ಹಾಕಬಹುದು ಅಂತ.